ಜಗಳ ಊಟದ ಮೇಲೆ

ನನ್ನ ಸೋದರತ್ತೆಯ ಮೂಗಿನ ತುದಿಯಲ್ಲಿ ಸದಾ ಚೂರು ಮಣ್ಣು ಅಂಟಿರುತ್ತಿತ್ತು. ಯಾರ ತೋಟಕ್ಕೆ ಹೋದರೂ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಮೂಸುತ್ತಿದ್ದರು. ಮೂಗುಬೊಟ್ಟು ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಕೇಳಿದರೆ ಹೇಳಲಾರೆ. ಮಣ್ಣು ಮಾತ್ರ ನೆನಪಿದೆ.

ಈಶ್ವರಮಂಗಲದ ತಮ್ಮ ಅಡಿಕೆ ತೋಟಕ್ಕೆ ಅವರು ಎಂದೂ ಮದ್ದು ಸಿಂಪಡಿಸಿದವರಲ್ಲ. ಪುತ್ತೂರು, ಸುಳ್ಯ, ಕಡಬಗಳ ಸಾವಯವ ಕೃಷಿಕರ ನಮ್ಮ ಬಳಗ ಕಟ್ಟಿದ್ದೂ ಅವರೇ. ಅಲ್ಲಿ ಒಬ್ಬರಿಗೆ ಸೆಗಣಿ-ಗಂಜಲ ಕಲಸಿದ ಜೀವಾಮೃತವೇ ಸರ್ವಸ್ವ, ಇನ್ನೊಬ್ಬರಿಗೆ ಮರದಿಂದ ಉದುರಿ ಕೊಳೆತ ಸೋಗೆಯೇ ಸಾಕು. ವಿಶ್ವವಿದ್ಯಾಲಯದಲ್ಲಿ ಮಣ್ಣುವಿಜ್ಞಾನ ಓದಿ ಬಂದ ನನಗೆ ಇಬ್ಬರ ಮೇಲೂ ಅನುಮಾನ. "ನಿನ್ನ ಅನುಮಾನವೂ ಒಂದು ಗೊಬ್ಬರವೇ ಮಾರಾಯ, ಹೆಚ್ಚು ಹಾಕ್ಬೇಡ" ಎನ್ನುತ್ತಿದ್ದರು ಅತ್ತೆ.

ಒಂದು ಮಳೆಗಾಲ ಕೊಳೆರೋಗ ಜೋರಾಯಿತು. ಎಳೆ ಅಡಿಕೆ ಉದುರುವುದನ್ನು ನೋಡಲಾಗದೆ ಗುತ್ತಿಗಾರಿನ ಸದಸ್ಯರೊಬ್ಬರು ಮೈಲುತುತ್ತು-ಸುಣ್ಣದ ರಾಸಾಯನಿಕ ಮದ್ದು ಸಿಂಪಡಿಸಿದರು. ಕಡಬದ ಕೃಷಿಕರೊಬ್ಬರು ವಾಟ್ಸಾಪಿನಲ್ಲಿ ಬರೆದರು: "ಅವರನ್ನು ಬಳಗದಿಂದ ತೆಗೆಯಿರಿ. ಇಲ್ಲವಾದರೆ ನಾವು ಹೊರಡುತ್ತೇವೆ." ಅರ್ಧ ಬಳಗ ಅವರ ಬೆನ್ನಿಗಿತ್ತು. ಅತ್ತೆಯ ವಾಯ್ಸ್ ಮೆಸೇಜ್ ಬಂತು: "ಆದಿತ್ಯವಾರ ಎಲ್ಲರಿಗೂ ಗುತ್ತಿಗಾರಿನಲ್ಲಿ ಊಟ. ಜಗಳ ಊಟದ ಮೇಲೆ."

ಅದು ಅವರು ಹಾಕಿಕೊಟ್ಟ ಕ್ರಮ. ಯಾರನ್ನು ಆಕ್ಷೇಪಿಸಬೇಕೋ ಅವರ ಮನೆಯಲ್ಲಿ ಉಂಡು, ಅವರ ತೋಟದಲ್ಲಿ ನಿಂತು, ಅವರ ಮುಖ ನೋಡಿಯೇ ಆಕ್ಷೇಪಿಸಬೇಕು.

ಊಟವಾಯಿತು. ತೋಟದಲ್ಲಿ ಕಡಬದವರ ಅಂಗೈಗೆ ಅತ್ತೆ ಮಣ್ಣು ಹಾಕಿದರು. "ಮೊದಲು ಮೂಸಿ."

ಅವರು ಮೂಸಿದರು. "ಮಣ್ಣು ಒಳ್ಳೆದುಂಟು ಅಕ್ಕ. ಆದ್ರೂ ಮದ್ದು ಹೊಡೆದದ್ದು ತಪ್ಪೇ."

"ನನಗೆ ಇರುದು ಇದೊಂದೇ ಬೆಳೆ ಮಾರಾಯ್ರೆ. ಎಲ್ಲ ಉದುರಿದ ಮೇಲೆ ನಾನು ಎಂತ ಮಾಡುದು?" ಎಂದು ಗುತ್ತಿಗಾರಿನವರು ಕೇಳಿದರು.

ಅತ್ತೆ ಕಡಬದವರತ್ತ ತಿರುಗಿದರು. "ತಪ್ಪು ಅಂತ ಹೇಳಿ, ನಾನೂ ಹೇಳ್ತೇನೆ. ಹೋಗಿ ಅಂತ ಮಾತ್ರ ಹೇಳ್ಬೇಡಿ."

ಇವೇ ಶಬ್ದಗಳೋ, ನನ್ನ ನೆನಪು ಆಮೇಲೆ ತಿದ್ದಿಕೊಂಡವೋ, ಪ್ರಮಾಣ ಮಾಡಲಾರೆ. ಅಂದು ಯಾರೂ ಬಳಗ ಬಿಡಲಿಲ್ಲ ಎಂಬುದು ಮಾತ್ರ ಖಂಡಿತ. ಆ ವರ್ಷ ಅತ್ತೆಯ ತೋಟದಲ್ಲೂ ಅಡಿಕೆ ಉದುರಿ ರಾಶಿ ಬಿದ್ದಿತ್ತು. ಅದನ್ನು ಅವರು ಮಾತಿನ ನಡುವೆ ಒಮ್ಮೆಯೂ ಎತ್ತಲಿಲ್ಲ. ಅವರ ಸೋದರಳಿಯ ಎಂದು ಹೇಳಿಕೊಳ್ಳುವಾಗ ನನಗೆ ಈಗಲೂ ಎದೆಯುಬ್ಬುತ್ತದೆ.

ಕಳೆದ ವರ್ಷ ಅತ್ತೆ ತೀರಿಕೊಂಡರು. ಉತ್ತರಕ್ರಿಯೆಯ ದಿನ ಗುತ್ತಿಗಾರಿನವರೂ ಕಡಬದವರೂ ಒಂದೇ ಪಂಕ್ತಿಯಲ್ಲಿ ಉಂಡರು. ಕೈ ತೊಳೆದು ಅಂಗಳಕ್ಕಿಳಿದದ್ದೇ ಮದ್ದಿನ ವಾದ ಸುರುವಾಯಿತು, ದನಿ ಏರಿತು. "ಇವತ್ತಾದ್ರೂ ಸುಮ್ಮನಿರಿ ಮಾರಾಯ್ರೆ" ಎಂದು ಯಾರೋ ಗದರಿದರು.

"ಇರ್ಲಿ ಬಿಡಿ," ಎಂದೆ ನಾನು, "ಊಟ ಆಯ್ತಲ್ಲ."