ಜೀಪಿನ ಮೂತಿಯಲ್ಲೊಂದು ಊದಿನಕಡ್ಡಿ

ನಮ್ಮ ಜೀಪಿನ ಮುಂದಿನ ಜಾಳಿಗೆಯ ಸಂದಿಯಲ್ಲಿ ಅರ್ಧ ಸುಟ್ಟ ಊದಿನಕಡ್ಡಿಯೊಂದು ಸಿಕ್ಕಿಕೊಂಡಿದೆ. ಜೀಪು ತೊಳೆಯುವಾಗಲೆಲ್ಲ ನೀರಿನ ಪೈಪನ್ನು ಅದಕ್ಕೆ ತಾಗದಂತೆ ಓರೆ ಮಾಡಿ ಹಿಡಿಯುತ್ತೇನೆ. ನೋಡಿದವರು ಭಕ್ತಿ ಎಂದುಕೊಳ್ಳುತ್ತಾರೆ. ಹಾಗೇ ಅಂದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೇನೆ, ಏಕೆಂದರೆ ನಿಜ ಹೇಳಲು ನಾಚಿಕೆ. ನಿಮ್ಮೆದುರು ಮಾತ್ರ ಹೇಳಿಬಿಡುತ್ತೇನೆ.

ಜೀಪು ಅಪ್ಪನದು. ವಯಸ್ಸಿನಲ್ಲಿ ನನಗಿಂತ ತುಸುವೇ ಚಿಕ್ಕದು, ಮನೆಯಲ್ಲಿ ಅದಕ್ಕಿರುವ ಮರ್ಯಾದೆ ಮಾತ್ರ ನನಗಿಂತ ಹೆಚ್ಚು. ಐನಾಪುರದ ನಮ್ಮ ತೋಟದಿಂದ ಇಷ್ಟು ವರ್ಷ ದ್ರಾಕ್ಷಿ ಹೊತ್ತದ್ದು ಅದೇ, ಮದುವೆಯಾದ ತಂಗಿ ಸುವರ್ಣಾಳನ್ನು ಕೊಗನೊಳ್ಳಿಯ ಗಂಡನ ಮನೆಗೆ ಮುಟ್ಟಿಸಿದ್ದೂ ಅದೇ. ಈಗ ಅವಳು ಚೊಚ್ಚಲ ಬಸುರಿ, ತವರಿಗೆ ಕರೆತರಬೇಕು, ಶುಕ್ರವಾರವೆಂದು ದಿನವೂ ಗೊತ್ತಾಗಿತ್ತು. ಬೀಗರ ಮನೆಯ ಮುಂದೆ ಹೊಳೆಯುವ ಕಾರು ನಿಂತಿರುತ್ತದೆ. ಆದರೆ ಮಗಳನ್ನು ನಮ್ಮ ಗಾಡಿಯಲ್ಲೇ ಕರೆತರಬೇಕೆಂಬುದು ಅಪ್ಪನ ಹಟ, ಬಂದರೆ ಅಪ್ಪನ ಜೀಪಿನಲ್ಲೇ ಬರುತ್ತೇನೆಂಬುದು ಅವಳ ಹಟ. ಸುವರ್ಣಾಳ ಅತ್ತೆ ಫೋನಿನಲ್ಲಿ ಬಹಳ ಮೆತ್ತಗೆ ಹೇಳಿದರು: "ಬರ್ರಿ, ನಮ್ದೇನೂ ಇಲ್ಲ. ಆದ್ರ ಚೊಚ್ಚಲ ಬಸುರಿ ಕುಂತ ಗಾಡಿ ನಡುದಾರ್ಯಾಗ ಕೆಟ್ಟ ನಿಂದರಬಾರ್ದು ನೋಡ್ರಿ, ಛಲೋ ಅಲ್ಲ ಅದು." ಆ ಮಾತಿನಲ್ಲಿ ಶಕುನವೆಷ್ಟಿತ್ತು, ನಮ್ಮ ಜೀಪಿಗೆ ಚುಚ್ಚಿದ್ದೆಷ್ಟಿತ್ತು ಎಂದು ಅಪ್ಪ ಎರಡು ದಿನ ಲೆಕ್ಕ ಹಾಕಿದ.

ಸರಿಯಾಗಿ ಆ ವಾರವೇ ಜೀಪಿನ ಹಳೆಯ ಫ್ಯಾನಿನ ರೆಕ್ಕೆ ಸೀಳಬೇಕೆ! ರೇಡಿಯೇಟರಿನ ಬೆನ್ನಿಗೆ ನಿಂತು, ಮುಂದಿನ ಗಾಳಿಯನ್ನು ಒಳಗೆಳೆದು, ಎಂಜಿನ್ನಿನ ಬಿಸಿನೀರನ್ನು ಆರಿಸುವ ಫ್ಯಾನು ಅದು, ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವಂಥದ್ದು. ಅಂಥದು ಈಗೆಲ್ಲೂ ಸಿಗುವುದಿಲ್ಲವೆಂದಾಗ, ಬ್ಯಾಟರಿಯಿಂದ ತಿರುಗುವ ಕರೆಂಟಿನ ಫ್ಯಾನು ಕೂಡಿಸೋಣವೆಂದು ಮುಂದೆ ಬಂದವನು ನಾನು.

ಬರಲೇಬೇಕಿತ್ತು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುವುದನ್ನು ನಿಲ್ಲಿಸಿದ ಮೊದಲ ಮನುಷ್ಯ ಅಪ್ಪ, ಸಹಿ ಮಾಡುವಷ್ಟು ಕಲಿತ. ಡಿಗ್ರಿ ಪಡೆದ ಮೊದಲಿಗ ನಾನು. ಬಿ.ಎಸ್ಸಿ., ಭೌತಶಾಸ್ತ್ರ. ದ್ರಾಕ್ಷಿ ಬಳ್ಳಿ ಸವರುವ ದಿನಗಳಲ್ಲಿ ಕತ್ತರಿಯ ಜೊತೆಗೆ ಪುಸ್ತಕವನ್ನೂ ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ, ಒಂದು ವಿಷಯದಲ್ಲಿ ಎರಡು ಸಲ ಬಿದ್ದೆ, ಮೂರನೆಯ ಸಲ ಎದ್ದೆ. ಈಗ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಊರು ನನ್ನನ್ನು 'ಸರ್' ಎನ್ನುತ್ತದೆ. ಆ ಎರಡಕ್ಷರಕ್ಕಾಗಿ ನಾನು ಎಷ್ಟು ದುಡಿದಿದ್ದೇನೆಂದು ನನಗೆ ಗೊತ್ತು, ಆದ್ದರಿಂದ ಅದನ್ನು ಕೇಳಿದಾಗಲೆಲ್ಲ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಇದರಲ್ಲಿ ಮುಚ್ಚಿಡುವುದೇನಿಲ್ಲ.

ದಸ್ತಗೀರ್ ಮಿಸ್ತ್ರಿಯ ಗ್ಯಾರೇಜು ಊರ ಹೊರಗಿನ ತಿರುವಿನಲ್ಲಿದೆ. ವಯಸ್ಸಿನಲ್ಲಿ ನನಗಿಂತ ಹಿರಿಯ, ಶಾಲೆಯನ್ನು ನಾಲ್ಕನೆಯ ಇಯತ್ತೆಗೇ ಬಿಟ್ಟವನು, ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವವನು. ಕೊಲ್ಲಾಪುರದ ಗುಜರಿಯಿಂದ ಯಾವುದೋ ಕಾರಿನ ಫ್ಯಾನು ತಂದು, ರೇಡಿಯೇಟರಿನ ಹಿಂದೆ ಪಟ್ಟಿ ಹೊಡೆದು ಕೂಡಿಸಿದ. ತಂತಿ ಜೋಡಿಸುವ ಹೊತ್ತಿಗೆ ಜೇಬಿನಿಂದ ಒಂದು ಹಾಳೆ ತೆಗೆದ.

"ಸರ್, ಗುಜರಿ ಮಾಲ್ ಐತ್ರಿ ಇದು. ಒಮ್ಮೆ ಹಿಂಗ, ಒಮ್ಮೆ ಹಂಗ ತಂತಿ ಹಚ್ಚಿ, ಮುಂದ ಹಾಳಿ ಹಿಡದು ನೋಡೂಣ್ರಿ. ಹಾಳಿ ಜಾಳಗಿಗೆ ಅಂಟಿದ್ರ ಬರೋಬ್ಬರಿ."

"ನೋಡೂದೇನೈತಿ ದಸ್ತಗೀರ್‌ಭಾಯ್? ಕೆಂಪು ಅಂದ್ರ ಪ್ಲಸ್, ಕಪ್ಪು ಅಂದ್ರ ಮೈನಸ್. ನಮ್ಮ ಒಂಬತ್ತನೇ ಇಯತ್ತೆ ಹುಡುಗೂರಿಗೂ ಗೊತ್ತೈತಿ."

ಅವನು ನನ್ನ ಮುಖ ನೋಡಿದ, ಫ್ಯಾನಿನ ಮುಖ ನೋಡಿದ, ಹಾಳೆಯನ್ನು ಮಡಚಿ ಮತ್ತೆ ಜೇಬಿಗಿಟ್ಟ. "ಹೌದ್ರಿ ಸರ್. ನೀವಂದ್ರ ಮುಗೀತ್ರಿ."

ಮನೆಯಂಗಳಕ್ಕೆ ತಂದು ಎಲ್ಲರೆದುರು ಗುಂಡಿ ಒತ್ತಿ ತೋರಿಸಿದೆ. ಗಿರ್ರೆಂದು ತಿರುಗಿತು. ಅವ್ವ ಕುಂಕುಮ ಹಚ್ಚಿ, ಲಿಂಬೆಹಣ್ಣು ಕಟ್ಟಿ, ಊದಿನಕಡ್ಡಿ ಹಚ್ಚಿಕೊಂಡು ಜೀಪಿನ ಮುಂದೆ ನಿಂತವಳು ಕೆಮ್ಮತೊಡಗಿದಳು. "ಹೊಗಿ ನನ್ನ ಮಾರಿಗೇ ಬರಾಕತ್ತೈತಲ್ಲೋ!"

"ಗಾಳಿ ಬೀಸಾಕತ್ತೈತಿ, ಈ ಕಡೆ ಸರದ್ ನಿಂದ್ರಬೇ," ಎಂದೆ. ಅಂಗಳದ ಬೇವಿನ ಒಂದೆಲೆಯೂ ಆಗ ಅಲುಗುತ್ತಿರಲಿಲ್ಲವೆಂಬುದು ಈಗ ನೆನಪಾಗುತ್ತದೆ.

ಮಂಗಳವಾರ ಅಂಕಲಿಯ ಕಡೆಗೆ ಓಡಿಸಿ ನೋಡಿದೆವು. ಕೃಷ್ಣೆಯ ಸೇತುವೆ ಮುಟ್ಟುವ ಮೊದಲೇ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹಾರಿತು. ನಿಲ್ಲಿಸಿದೆವು, ಇಳಿಯಿತು. ಓಡಿಸಿದೆವು, ಮತ್ತೆ ಏರಿತು. ಪ್ರಿಯ ಓದುಗರೇ, ನಿಂತಾಗ ತಣ್ಣಗಿದ್ದು ಓಡಿದಾಗ ಕುದಿಯುವ ಗಾಡಿಯನ್ನು ನೀವೆಲ್ಲಾದರೂ ಕಂಡಿದ್ದೀರಾ? ಓಡುವ ಗಾಡಿಗೆ ಎದುರುಗಾಳಿ ಪುಕ್ಕಟೆ ಸಿಗುತ್ತದೆ, ಅದು ಇನ್ನಷ್ಟು ತಣ್ಣಗಾಗಬೇಕು. ಹಾಗೆಂದು ಪುಸ್ತಕ ಹೇಳುತ್ತದೆ, ಪುಸ್ತಕವನ್ನು ನಾನು ಹೇಳುತ್ತೇನೆ, ಜೀಪು ಇಬ್ಬರ ಮಾತನ್ನೂ ಕೇಳುತ್ತಿಲ್ಲ. ಎಷ್ಟು ಬಿಸಿಗೆ ಫ್ಯಾನು ಶುರುವಾಗಬೇಕೆಂದು ಹೇಳುವ ಸ್ವಿಚ್ಚಿನ ತಿರುಪನ್ನು ಕಾಲು ಸುತ್ತು ಇಳಿಸಿದೆ. ಬುಧವಾರ ಅರ್ಧ ಸುತ್ತು. ಕೊನೆಗೆ ಸ್ವಿಚ್ಚನ್ನೇ ಬಿಟ್ಟು ಫ್ಯಾನನ್ನು ಸದಾ ತಿರುಗುವಂತೆ ಕಟ್ಟಿದೆ, ಜೀಪು ಇನ್ನೂ ಬೇಗ ಕುದಿಯಿತು. ರಸ್ತೆಬದಿಯಲ್ಲಿ ಬಾನೆಟ್ಟು ಎತ್ತಿ ನಿಂತವನಿಗೆ ಸಲಹೆಯ ಕೊರತೆಯೇ? ಟ್ರ್ಯಾಕ್ಟರಿನವನೊಬ್ಬ ಇಳಿದು ನೀರು ಬದಲಿಸಿ ಎಂದ, ಚಹಾದಂಗಡಿಯವನು ರೇಡಿಯೇಟರನ್ನೇ ಬದಲಿಸಿ ಎಂದ, ಸೈಕಲ್ಲಿನ ಮುದುಕನೊಬ್ಬ ಸುಮ್ಮನೆ ತಲೆಯಾಡಿಸಿ ಹೋದ. ಎಲ್ಲಕ್ಕಿಂತ ಉರಿಸಿದ್ದು ಆ ತಲೆಯಾಟ.

"ಏ ಮಾಸ್ತರಾ," ಎಂದ ಅಪ್ಪ, ಉಗಿ ಏಳುತ್ತಿದ್ದ ರೇಡಿಯೇಟರನ್ನೇ ನೋಡುತ್ತ, "ಅದರ ಮ್ಯಾಲ ಒಂದ್ ಬೋಗಣಿ ಇಡು. ಕೊಗನೊಳ್ಳಿ ಮುಟ್ಟೂದ್ರಾಗ ಅನ್ನರ ಆಗ್ತೈತಿ."

ಗುರುವಾರ ಮಧ್ಯಾಹ್ನ ಅಪ್ಪ ತಮಾಷೆ ಬಿಟ್ಟ. ಕಟ್ಟೆಯ ಮೇಲೆ ಕುಳಿತು ಫೋನನ್ನು ಕೈಯಲ್ಲಿ ತಿರುವುತ್ತಿದ್ದ. ಬೀಗರಿಗೆ ಫೋನು ಹಚ್ಚಿ, 'ನಿಮ್ಮ ಕಾರಲ್ಲೇ ಕಳಿಸಿಕೊಡಿ' ಎನ್ನುವುದು ಅವನಿಗೆ ಎಷ್ಟು ಕಷ್ಟವೆಂದು ಅವನು ಕನ್ನಡಕ ಹಾಕುತ್ತ ತೆಗೆಯುತ್ತ ಇದ್ದುದರಲ್ಲೇ ಕಾಣುತ್ತಿತ್ತು. ನನಗೂ ಅವನ ಕಡೆ ನೋಡಲಾಗಲಿಲ್ಲ. ಅವ್ವ ಮಾತ್ರ, ಇದು ದೃಷ್ಟಿಯೇ ಎಂದು ತೀರ್ಮಾನಿಸಿ, ಮತ್ತೆ ಊದಿನಕಡ್ಡಿ ಹಿಡಿದು ಬಂದಳು. ಬೇಡವೆನ್ನುವ ತ್ರಾಣವೂ ಇಲ್ಲದೆ, ಸಿಟ್ಟಿನಿಂದಲೇ ಫ್ಯಾನು ಹಾಕಿದೆ.

"ನೋಡು, ಮತ್ತ ಮಾರಿಗೇ ಹೊಡೀತು! ಗಾಳಿ ಇಲ್ಲ, ಗೀಳಿ ಇಲ್ಲ, ನಿನ್ನ ಫ್ಯಾನೇ ಊದಾಕತ್ತೈತಿ. ರಾಶಿ ತೂರೂ ಮುಂದ ಗಾಳಿಗಿ ಎದುರ ನಿಂತ್ರ ಹೊಟ್ಟೆಲ್ಲಾ ನಮ್ಮ ಕಣ್ಣಾಗ ಬೀಳತೈತಿ, ಅಷ್ಟೂ ತಿಳೀಲಿಲ್ಲೇನ ನಿನಗ?"

ಕಡ್ಡಿಯನ್ನು ಜಾಳಿಗೆಯ ಸಂದಿಗೆ ಸಿಕ್ಕಿಸಿ ಅವಳು ಸರಿದಳು. ನಾನು ಶಾಲೆಯ ಚೀಲದಲ್ಲಿದ್ದ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ಜಾಳಿಗೆಯ ಮುಂದೆ ಹಿಡಿದೆ. ಅಂಟಿಕೊಳ್ಳಬೇಕಾದ ಹಾಳೆ ಹಾರಿಬಂದು ನನ್ನ ಎದೆಗೆ ಬಡಿಯಿತು. ಮೂರು ದಿನವೂ ಫ್ಯಾನು ಗಾಳಿಯನ್ನು ಒಳಗೆಳೆಯದೆ ಹೊರಗೆ ನೂಕುತ್ತಿತ್ತು. ನಿಂತಾಗ ಹೇಗೋ ನಡೆಯುತ್ತಿತ್ತು, ಓಡಿದಾಗ ಎದುರಿನಿಂದ ಬರುವ ಗಾಳಿಗೂ ಒಳಗಿನಿಂದ ನೂಕುವ ಗಾಳಿಗೂ ರೇಡಿಯೇಟರಿನೊಳಗೇ ಕುಸ್ತಿ.

ಗ್ಯಾರೇಜಿಗೆ ಜೀಪು ಒಯ್ದೆ. ದಸ್ತಗೀರ್ ಎರಡು ತಂತಿಗಳನ್ನು ಅದಲುಬದಲು ಮಾಡಿದ. ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟೂ ಹೊತ್ತು ಹಿಡಿಯಲಿಲ್ಲ. ಹಾಳೆ ಜಾಳಿಗೆಗೆ ಪಟ್ಟನೆ ಅಂಟಿತು.

"ಹುಟ್ಟಿದ ಗಾಡ್ಯಾಗ ಇದು ರೇಡಿಯೇಟರ್ ಮುಂದ ಇತ್ತ ಕಾಣಸ್ತೈತ್ರಿ. ನಾವು ಮಾರಿ ತಿರುವಿ ಹಿಂದ ಕುಂಡ್ರಿಸೀವಿ. ಅದಕ್ಕ ಉಲ್ಟಾ."

"ನಿನಗ ಮೊದಲ ಗೊತ್ತಿತ್ತೇನು?"

"ಅನುಮಾನ ಇತ್ರಿ."

"ಮತ್ತ ಬಾಯಿ ಬಿಟ್ಟ ಹೇಳಬಾರ್ದೇನೋ ಮಾರಾಯಾ!"

"ಕಲ್ತಾವ್ರು ನೀವು. ನನ್ನ ಮಗಳಿಗಿ ಕಲಸಾವ್ರು. ನಿಮ್ಮ ಮಾತಿಗಿ ಎದುರಾಡಿದ್ರ ಛಲೋ ಕಾಣಸ್ತೈತೇನ್ರಿ, ಸರ್?"

ಯಾರ ಮೇಲೆ ಸಿಟ್ಟು ಮಾಡಲಿ ಹೇಳಿ. ಸುಳ್ಳು ಹೇಳಿದವನಲ್ಲ, ಕೆಲಸ ಕೆಡಿಸಿದವನಲ್ಲ, ನನಗೆ ಮರ್ಯಾದೆ ಕೊಟ್ಟವನು. ಅಷ್ಟು ಕಷ್ಟಪಟ್ಟು ಗಳಿಸಿದ ಆ 'ಸರ್' ಎಂಬುದು, ನನ್ನ ಕಡೆಗೆ ಬರಬೇಕಾದ ಮಾತನ್ನೆಲ್ಲ ಹೊರಕ್ಕೇ ಊದುತ್ತ ನನ್ನ ಮುಂದೆ ತಿರುಗುತ್ತಿದೆ ಎಂದು ಆಗ ತೋರಿತು. ಡಿಗ್ರಿಯ ಮೇಲೆ ನನಗೆ ಬೇಸರವಿಲ್ಲ, ಇಂದಿಗೂ ಅದು ನನ್ನ ಹೆಮ್ಮೆಯೇ. ಆದರೆ ಕೆಂಪು ತಂತಿ ಎಂದರೆ ಪ್ಲಸ್ ಎಂದು ಕಲಿಸಿದ ಅದೇ ಓದು, ಎದುರಿಗೆ ಒಂದು ಹಾಳೆ ಹಿಡಿದು ನೋಡು ಎಂದೂ ಕಲಿಸಿತ್ತು. ಎರಡನೆಯದನ್ನು ನಾನು ಪರೀಕ್ಷೆ ಮುಗಿದ ಮರುದಿನವೇ ಮರೆತಿದ್ದೆ.

ಶುಕ್ರವಾರ ಸುವರ್ಣಾ ಅಪ್ಪನ ಪಕ್ಕದಲ್ಲಿ ಕುಳಿತಳು. ಅವಳ ಅತ್ತೆ ಜೀಪನ್ನೊಮ್ಮೆ ಸುತ್ತಿ ನೋಡಿ, ಉಡಿ ತುಂಬಿ ಕಳಿಸಿದರು. ನಿಪ್ಪಾಣಿ ದಾಟಿತು, ಮುಳ್ಳು ನಡುವೆಯೇ ನಿಂತಿತ್ತು. ಅದನ್ನೇ ನೋಡುತ್ತ ಓಡಿಸುತ್ತಿದ್ದೆ. ಚಿಕ್ಕೋಡಿಯಲ್ಲಿ ಅವಳು ಹಠಾತ್ತನೆ, "ಅಣ್ಣಾ, ನಿಲ್ಲಸೋ!" ಎಂದಾಗ ಗಕ್ಕನೆ ಬ್ರೇಕು ಒತ್ತಿದೆ.

"ಯಾಕ, ಹೊಟ್ಟಿ ನೋಯಾಕತ್ತೈತೇನು?"

"ಮಿರ್ಚಿ ಭಜಿ ವಾಸನಿ ಬಂತು."

"ಗಾಡಿ ನಿಂದರಬಾರ್ದು ಅಂದಾರಲ್ಲ ನಿಮ್ಮತ್ತಿ!"

"ಕೆಟ್ಟ ನಿಂದರಬಾರ್ದು ಅಂದಾರ. ಭಜಿ ತಿನ್ನಾಕ ನಿಂದರಬಾರ್ದು ಅಂದಿಲ್ಲ."

ಮೂರು ದಿನದ ಮೇಲೆ ಅಪ್ಪ ಬಾಯ್ತುಂಬ ನಕ್ಕ, ತಾನೇ ಇಳಿದು ಹೋಗಿ ಭಜಿ ಕಟ್ಟಿಸಿಕೊಂಡು ಬಂದ. ಸಂಜೆಗೆ ಮೊದಲೇ ಐನಾಪುರ ಮುಟ್ಟಿದೆವು.

ಮರುವಾರ ತರಗತಿಯಲ್ಲಿ ಇಡೀ ಕಥೆ ಹೇಳಿ, ಗುರುಗಳು ಹೇಳಿದ್ದನ್ನೂ ಪರೀಕ್ಷಿಸಿ ನೋಡಬೇಕು, ತಪ್ಪೆನಿಸಿದರೆ ಎದ್ದು ನಿಂತು ಹೇಳಬೇಕು, ತಿಳಿಯಿತೇ, ಎಂದು ಕೇಳಿದೆ. ಇಡೀ ಕೋಣೆ ಒಕ್ಕೊರಲಿನಿಂದ ಕೂಗಿತು: "ಹೌದ್ರೀ ಸರ್!" ದಸ್ತಗೀರನ ಮಗಳ ದನಿಯೇ ಎಲ್ಲರಿಗಿಂತ ಜೋರು. ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಹಾಗಾಗಿ, ನನ್ನನ್ನು 'ಸರ್' ಎನ್ನದೆ ತಪ್ಪು ತೋರಿಸಿದ ಆ ಊದಿನಕಡ್ಡಿ ಇನ್ನೂ ಅಲ್ಲೇ ಇದೆ. ನಿನ್ನೆ ಭಾನುವಾರ ಜೀಪು ತೊಳೆಯುತ್ತ, ಎಂದಿನಂತೆ ಪೈಪನ್ನು ಓರೆ ಮಾಡಿ ಆ ಒಂದು ಗೇಣು ಜಾಗ ಬಿಟ್ಟೆ. ಕಟ್ಟೆಯ ಮೇಲೆ ಸುವರ್ಣಾಳ ತಲೆಗೆ ಎಣ್ಣೆ ತಿಕ್ಕುತ್ತಿದ್ದ ಅವ್ವ ಅಲ್ಲಿಂದಲೇ ಕೂಗಿದಳು: "ಅಲ್ಲೇ ನಡಕ ಎಲ್ಲಾ ಹೊಲಸ ಬಿಟ್ಟೀಯಲ್ಲೋ! ಇಷ್ಟ ಕಲ್ತ ಒಂದ್ ಗಾಡಿ ತೊಳಿಯಾಕ ಬರಂಗಿಲ್ಲೇನ ನಿನಗ?"

ಎದುರುಮಾತೊಂದು ನೆಟ್ಟಗೆ ಒಳಗೆ ಬಂತು, ಕಿವಿಗೆ ತಣ್ಣನೆಯ ಗಾಳಿ ಬಡಿದಂತಾಯಿತು. "ಹೌದ್ಬೇ," ಎಂದೆ, "ಬರಂಗಿಲ್ಲ."