ಕೈಯ ಬಿಗಿ

ಮಂಗಳೂರಿನಲ್ಲಿ ಸ್ವೆಟರ್ ಹೆಣೆಯಲು ಕಲಿಸುತ್ತೇನೆ ಎಂದಾಗ ಎದುರಿನವರ ಮುಖದಲ್ಲಿ ಮೂಡುವ ಕರುಣೆಯನ್ನು ನೀವು ನೋಡಬೇಕು. “ಈ ಸೆಕೆಗೆ ಸ್ವೆಟರ್ ಎಂತಕ್ಕೆ ಮಾರಾಯ್ರೆ?” ಎಂಬ ಪ್ರಶ್ನೆಯನ್ನು ಬೆವರು ಒರೆಸಿಕೊಂಡು ಕೇಳಿದರೆ ಕ್ಷಮಿಸಬಹುದಿತ್ತು, ಆದರೆ ಹಾಗೆ ಕೇಳಿದ ಪಕ್ಕದ ಮನೆಯ ಮಹನೀಯರು ಮಲಗುವ ಕೋಣೆಯನ್ನು ಎ.ಸಿ.ಯಿಂದ ಹಿಮಾಲಯವಾಗಿಸಿ, ಏಪ್ರಿಲ್ ತಿಂಗಳಲ್ಲಿ ಎರಡು ಕಂಬಳಿ ಹೊದ್ದು ಮಲಗುವವರು.

ಬಿಜೈಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಡೆಯುವ ನನ್ನ ತರಗತಿಗೆ ಬರುವವರೂ ಕಡಿಮೆಯವರಲ್ಲ. ಫೋನಿನಲ್ಲಿ ವಿಡಿಯೋ ನೋಡಿ ಪಾಂಡಿತ್ಯ ಗಳಿಸಿದವರು ಗಂಟಿನ ಮುದ್ದೆಯೊಂದನ್ನು ತಂದು, ಇದು ಟೊಪ್ಪಿ, ಸ್ವಲ್ಪ ಸರಿಮಾಡಿ ಕೊಡಿ ಎನ್ನುತ್ತಾರೆ. ಕ್ರೋಶ ಕಡ್ಡಿ ಕೈಗೆ ಬಂದದ್ದೇ ತಡ, ಕೆಲವರಿಗೆ ಮನೆಯ ಸಕಲ ವಸ್ತುಗಳೂ ನಗ್ನವಾಗಿ ಕಾಣತೊಡಗುತ್ತವೆ. ಮಿಕ್ಸಿಗೊಂದು ಗವಸು, ಫ್ರಿಜ್ಜಿನ ಹಿಡಿಗೊಂದು ಗವಸು. ಕೂಳೂರಿನಿಂದ ಕಾರಿನಲ್ಲಿ ಬರುವ ಹೋಟೆಲ್ ಮಾಲಕರ ಪತ್ನಿಯಂತೂ ಸೋಫಾದ ಪ್ಲಾಸ್ಟಿಕ್ ಹೊದಿಕೆಗೇ ಇನ್ನೊಂದು ಹೊದಿಕೆ ಹೆಣೆದು ಕೃತಾರ್ಥರಾದರು. ಇವರನ್ನೆಲ್ಲ ಸಹಿಸುವ ನಾನು ಸಹಿಸದ್ದು ಒಂದೇ, ಸಡಿಲ ಕೈ. ತಪ್ಪಿದರೆ ಬಿಚ್ಚು, ಮತ್ತೆ ಹೆಣೆ. ನನ್ನ ಶಿಕ್ಷಣಶಾಸ್ತ್ರ ಅಷ್ಟೇ.

ತೊಕ್ಕೊಟ್ಟಿನಿಂದ ಬಸ್ಸಿನಲ್ಲಿ ಬರುವ ಝೊಹರಾ ಈ ವಿಷಯದಲ್ಲಿ ನನ್ನ ಹೆಮ್ಮೆಯ ಶಿಷ್ಯೆ. ದುಬೈಯ ಆಫೀಸಿನ ಎ.ಸಿ.ಯಲ್ಲಿ ನಡುಗುವ ಗಂಡನಿಗಾಗಿ ಅವಳು ಹೆಣೆದ ಸ್ವೆಟರಿನ ಮುಂಭಾಗ ಹಲಗೆಯಂತೆ ಬಿಗಿಯಾಗಿ, ನಿರ್ದುಷ್ಟವಾಗಿತ್ತು. ಅವನ ಫೋನ್ ಬಾರದ ದಿನಗಳಲ್ಲಿ ಅವಳ ಸಾಲುಗಳು ಇನ್ನೂ ಬಿಗಿಯಾಗುತ್ತಿದ್ದವು. ಅದನ್ನು ನಾನು ನನ್ನ ಬೋಧನೆಯ ಫಲವೆಂದು ಬಗೆದು ಉಳಿದವರಿಗೆ ಎತ್ತಿ ತೋರಿಸುತ್ತಿದ್ದೆ. ಆಮೇಲೆ ಗಂಡ ರಜೆಯಲ್ಲಿ ಊರಿಗೆ ಬಂದ. ಕಳೆದ ಸೋಮವಾರ ಅವಳು ಹೊಸದಾಗಿ ಹೆಣೆದ ಹಿಂಭಾಗವನ್ನು ತಂದು ಮುಂಭಾಗದ ಮೇಲಿಟ್ಟರೆ, ಎರಡು ಬದಿಯಲ್ಲೂ ಎರಡೆರಡು ಬೆರಳಿನಷ್ಟು ಹೊರಗೆ ಚಾಚಿತು. ಅದೇ ನೂಲು, ಅದೇ ಕಡ್ಡಿ, ಅದೇ ಲೆಕ್ಕ. ಕೈ ಮಾತ್ರ ಸಡಿಲ.

ನನಗೆ ಎಲ್ಲಿಲ್ಲದ ತಿರಸ್ಕಾರ ಬಂತು. ಗಂಡ ಬಂದ ಸಂಭ್ರಮದಲ್ಲಿ ಕೈ ಸಡಿಲ ಬಿಡುವವರು ಸ್ವೆಟರಿನ ಗೊಡವೆ ಬಿಟ್ಟು ಉಪ್ಪಿನಕಾಯಿ ಹಾಕುವುದು ಒಳ್ಳೆಯದೆಂದು ತರಗತಿಯೆಲ್ಲ ಕೇಳುವಂತೆ ಹೇಳಿದೆ. ಹಿಂಭಾಗ ಬಿಚ್ಚಿ ಸಣ್ಣ ಕಡ್ಡಿಯಲ್ಲಿ ಹೆಣೆದರೆ ಅಳತೆ ಕೂಡುತ್ತದೆ, ಶುಕ್ರವಾರ ಅವನು ಹೊರಡುವ ಮೊದಲು ಮುಗಿದೀತು ಎಂದು ಕಡ್ಡಿಯನ್ನೂ ಮುಂದೆ ಚಾಚಿದೆ.

“ಸಣ್ಣ ಕಡ್ಡಿ ಬೇಡ ಟೀಚರ್,” ಎಂದಳು ಝೊಹರಾ, ತಗ್ಗಿಸಿದ ತಲೆ ಎತ್ತದೆ. “ಇವರು ಹೋದ ಮೇಲೆ ಹೆಣೀತೇನೆ. ಆಗ ನನ್ನ ಕೈ ಹೇಗೂ ಬಿಗಿ ಆಗ್ತದೆ. ದುಬೈಗೆ ಹೋಗುವವರು ಯಾರಾದ್ರೂ ಸಿಕ್ಕಿದ್ರೆ ಕೊಟ್ಟು ಕಳಿಸಿದ್ರಾಯ್ತು.”

ಇಷ್ಟು ತಿಂಗಳು ನಾನು ಹೊಗಳಿದ್ದು ಏನನ್ನೆಂದು ಆಗ ತಿಳಿಯಿತು. ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಇನ್ನೂ ಜೋರಾಗಿ ಗದರುವವಳು.

“ಹಿಂಭಾಗ ಮುಟ್ಟಬೇಡ,” ಎಂದೆ. “ಮುಂಭಾಗ ಬಿಚ್ಚು. ಅವರು ಮನೆಯಲ್ಲಿ ಇರುವಾಗಲೇ ಹೆಣೆದು ಮುಗಿಸು. ದೊಗಳೆ ಆದ್ರೆ ಆಗ್ಲಿ.”

ಅವಳು ನನ್ನ ಮುಖವನ್ನೊಮ್ಮೆ ನೋಡಿ ನೂಲಿನ ತುದಿ ಎಳೆದಳು. ನಾನು ಹತ್ತು ಜನರಿಗೆ ತೋರಿಸಿ ಮೆರೆದಿದ್ದ ಆ ಮುಂಭಾಗ ಸಾಲುಸಾಲಾಗಿ ಬಿಚ್ಚಿ ಬರುತ್ತಿದ್ದಂತೆ, ಎದುರು ಕುಳಿತು ಉಂಡೆ ಸುತ್ತಿದವಳು ನಾನೇ. ಆದಷ್ಟು ಸಡಿಲವಾಗಿ ಸುತ್ತಿದೆ.