ಅಮ್ಮ ನೋಡುತ್ತಿದ್ದ ಹಾಲುವಾಣ

ನಮ್ಮ ಅಡುಗೆಮನೆಯ ಕಿಟಕಿಗೆ ಐದು ಸರಳುಗಳು. ಎಡದಿಂದ ಎರಡನೆಯದರಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ಬಣ್ಣವಿಲ್ಲ. ಉಳಿದದ್ದೆಲ್ಲ ಹಸಿರು, ಅಷ್ಟು ಮಾತ್ರ ಕಬ್ಬಿಣ ನುಣ್ಣಗೆ ಹೊಳೆಯುತ್ತದೆ. ಮನೆಗೆ ಬಣ್ಣ ಹೊಡೆಸಿದಾಗಲೆಲ್ಲ ಅದಕ್ಕೂ ಹೊಡೆಯುತ್ತಾರೆ. ಸ್ವಲ್ಪ ಕಾಲಕ್ಕೆ ಅಮ್ಮನ ಕೈ ಅದನ್ನು ಸವೆಸಿಬಿಡುತ್ತದೆ. ಹಾಲು ಕಾಯುವವರೆಗೆ, ಅನ್ನ ಬೇಯುವವರೆಗೆ ಅವಳು ಆ ಸರಳು ಹಿಡಿದು ಹೊರಗೆ ನೋಡುತ್ತ ನಿಲ್ಲುತ್ತಾಳೆ.

ಹೊರಗೆ ನೋಡುವಂಥದ್ದೇನೂ ಇರಲಿಲ್ಲ. ನಮ್ಮ ಮನೆ ಇರುವುದು ಚಿಕ್ಕಮಗಳೂರಿನ ಅಂಚಿನಲ್ಲಿ. ಹಿತ್ತಿಲ ಬೇಲಿಯ ಆಚೆ ಇಳಿಜಾರಾದ ಒಂದು ಖಾಲಿ ಜಾಗ. ಹಿಂದೆ ಅದು ಪ್ಲಾಂಟರ್ ಒಬ್ಬರ ಕಾಫಿ ನರ್ಸರಿಯಾಗಿತ್ತು. ಅಪ್ಪ ಅಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ನರ್ಸರಿ ಮುಚ್ಚಿದ ಮೇಲೆ ಗೇಟಿಗೆ ಬೀಗ ಬಿತ್ತು, ಲಂಟಾನ ಬೆಳೆಯಿತು. ಬಾಡಿಗೆಗಿದ್ದ ಮನೆಯನ್ನೇ ಅಪ್ಪ ಕೊಂಡುಕೊಂಡರು. ದೊಡ್ಡ ಮನೆಗೆ ಹೋಗೋಣವೆಂದು ಅವರು ಎರಡು ಮೂರು ಸಲ ಹೇಳಿದ್ದು ನನಗೆ ನೆನಪಿದೆ. ಅಮ್ಮ ಬೇಡವೆಂದಳು. ಕಾರಣ ಹೇಳಲಿಲ್ಲ.

ನಾನು ಒಬ್ಬಳೇ ಮಗಳು. ಆದರೂ ಶಾಲೆಯಿಂದ ಬಂದಾಗ ಬಾಗಿಲು ತೆಗೆದ ಅಮ್ಮ ಒಂದು ಕ್ಷಣ ನನ್ನ ಹಿಂದೆ ನೋಡುತ್ತಿದ್ದಳು, ಇನ್ನೊಬ್ಬರು ಬರುವುದಿದೆ ಎನ್ನುವ ಹಾಗೆ. ಜೋರು ಮಳೆ ಹಿಡಿದಾಗ ಕಿಟಕಿಯ ಬಳಿ ನಿಂತು, "ಪೂರ್ತಿ ನೆನೀತಿದೆ," ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುವಳು. ಏನಮ್ಮಾ ಎಂದು ಕೇಳಿದರೆ, "ಬಟ್ಟೆ," ಎನ್ನುವಳು. ತಂತಿಯ ಮೇಲೆ ಬಟ್ಟೆ ಇರುತ್ತಿರಲಿಲ್ಲ. ಮಕ್ಕಳಿಗೆ ಇಂಥದ್ದು ವಿಚಿತ್ರವೆನಿಸುವುದಿಲ್ಲ. ಎಲ್ಲರ ಮನೆಯಲ್ಲೂ ಹೀಗೆಯೇ ಇರಬೇಕು ಎಂದುಕೊಂಡಿದ್ದೆ.

ಈಚೆಗೆ ಆ ಜಾಗವನ್ನು ನಗರಸಭೆ ಕೊಂಡುಕೊಂಡಿತು. ಬಡಾವಣೆಗಳು ಸುತ್ತಲಿಂದ ಒತ್ತಿಕೊಂಡು ಬಂದಿವೆ, ಇದೊಂದಾದರೂ ಬಯಲಾಗಿ, ಮರಗಳ ಸಮೇತ ಉಳಿಯಲಿ ಎಂಬುದು ಯೋಚನೆ. ಗೇಟು ತೆರೆದ ದಿನ ನಮ್ಮ ಬೀದಿಯವರೆಲ್ಲ ಸೇರಿದ್ದರು. ಪಕ್ಕದ ಮನೆಯ ಆಂಟಿ ನಗರಸಭೆಯ ಎಂಜಿನಿಯರನ್ನು ತಡೆದು ನಿಲ್ಲಿಸಿದರು.

"ಸಾರ್, ಈಗ ಖಾಲಿ ಅಂತೀರಾ, ನಾಳೆ ಕಲ್ಯಾಣ ಮಂಟಪ ಎದ್ದಿರಬಾರದು ಮತ್ತೆ. ವಾಲಗದ ಸದ್ದಿಗೆ ನಮಗೆ ನಿದ್ದೆ ಇರಲ್ಲ."

"ಏನೂ ಕಟ್ಟಲ್ಲಮ್ಮಾ. ಖಾಲಿ ಇಡೋದಕ್ಕೇ ತಗೊಂಡಿರೋದು."

"ಖಾಲಿ ಇಡೋಕೆ ದುಡ್ಡು ಕೊಟ್ಟು ಜಾಗ ತಗೊಳ್ಳೋರನ್ನ ಈಗಲೇ ನೋಡಿದ್ದು ಮಾರಾಯ್ರೆ!"

ಎಲ್ಲರೂ ನಕ್ಕರು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳೆಂದು ಅದೇ ಆಂಟಿ ಎಂಜಿನಿಯರಿಗೆ ಹೇಳಿದರು. ಯಾವ ಮರ ಉಳಿಯಬೇಕು, ಯಾವುದು ಅಪಾಯ ಎಂದು ಗುರುತು ಮಾಡಿಕೊಡಿ ಎಂದು ಅವರು ಕೇಳಿದರು. ಉಳಿಯುವುದಕ್ಕೆ ಬಿಳಿ ಬಣ್ಣ, ಕಡಿಯುವುದಕ್ಕೆ ಕೆಂಪು. ನಾನು ಒಪ್ಪಿಕೊಂಡೆ.

ರಜೆಯ ದಿನ ನೋಡಿ ಕೆಲಸ ಶುರು ಮಾಡಿದೆ. ಅತ್ತಿ, ನೇರಳೆ, ಎರಡು ಹಲಸು, ಬೇಲಿಗುಂಟ ಸಿಲ್ವರ್ ಓಕ್. ಹೆಚ್ಚಿನವಕ್ಕೆ ಬಿಳಿಯೇ ಬಂತು. ಕೊನೆಗೆ ಉಳಿದದ್ದು ನಮ್ಮ ಕಿಟಕಿಗೆ ನೇರ ಎದುರಿಗಿದ್ದ ಹಾಲುವಾಣ. ಕಾಫಿಗೆ ನೆರಳು ಕೊಡಲು, ಮೆಣಸಿನ ಬಳ್ಳಿ ಹಬ್ಬಿಸಲು, ಬೇಲಿಗೆ ನಮ್ಮ ಕಡೆಯವರು ನೆಡುವ ಮುಳ್ಳಿನ ಮರ. ಕೊಂಬೆ ಕಡಿದು ಮಳೆಗಾಲದ ಮಣ್ಣಿಗೆ ಊರಿದರೆ ಸಾಕು, ಬೇರು ಬಿಡುತ್ತದೆ. ಇದು ಹಳೆಯದು. ಬುಡದಲ್ಲಿ ಪೊಟರೆ, ಮುಷ್ಟಿಯಿಂದ ತಟ್ಟಿದರೆ ಟೊಳ್ಳು ಸದ್ದು. ಕೆಳಗೆ ಇನ್ನು ಮುಂದೆ ಮಕ್ಕಳು ಆಡುವ ಜಾಗ. ಕೆಂಪು ಡಬ್ಬಿ ತೆರೆಯುವಷ್ಟರಲ್ಲಿ ಮೋಡ ಕವಿಯಿತು. ನಾಳೆ ಹಚ್ಚಿದರಾಯಿತೆಂದು ಮನೆಗೆ ಬಂದೆ.

ಸಂಜೆ ಕಾಫಿ ಕುಡಿಯುವಾಗ ಅಪ್ಪ ಕೇಳಿದರು, "ಎಷ್ಟು ಮರ ಹೋಗುತ್ತೆ?"

"ಒಣಗಿದ್ದು ಎರಡು. ಆಮೇಲೆ ಆ ಹಾಲುವಾಣ."

ಅಮ್ಮ ಲೋಟ ಕೆಳಗಿಟ್ಟಳು. "ಅದನ್ನ ಕಡೀಬೇಡಿ."

"ಟೊಳ್ಳಾಗಿದೆ ಅಮ್ಮಾ."

"ಇರಲಿ. ಅದರ ಬುಡದಲ್ಲಿ ಮಗು ಇದೆ."

ಅವಳ ದನಿ ಏರಲಿಲ್ಲ. ಒಲೆಯ ಮೇಲೆ ಹಾಲಿದೆ ಎನ್ನುವಷ್ಟೇ ಸಹಜವಾಗಿ ಹೇಳಿದಳು. ಅಪ್ಪ ಎದ್ದು ಹೊರಗೆ ಹೋದರು.

ಆಗ ಮೊದಲ ಸಲ ಅಮ್ಮ ನನಗೆ ಹೇಳಿದಳು: ನನಗಿಂತ ಮೊದಲು ಒಂದು ಗಂಡು ಮಗು ಹುಟ್ಟಿತ್ತು. ಹೆಸರಿಡುವ ಮೊದಲೇ ತೀರಿಕೊಂಡಿತು. ಅಷ್ಟು ಎಳೆಯ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಅಪ್ಪ ಮತ್ತು ನರ್ಸರಿಯ ಮೇಸ್ತ್ರಿ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ನರಿ ಕೆದಕದಿರಲೆಂದು ಮಣ್ಣಿನ ಸುತ್ತ ಹಾಲುವಾಣದ ಮುಳ್ಳುಕೊಂಬೆ ಊರಿದರು. ಅಮ್ಮ ಬಾಣಂತಿ. ಹೆಂಗಸರು ಹೋಗುವ ರೂಢಿಯೂ ಇಲ್ಲ. ಅವಳು ಎಲ್ಲಿ ಎಂದು ನೋಡಲಿಲ್ಲ. ಆದರೆ ಮಳೆ ಹಿಡಿದ ಮೇಲೆ, ಕಿಟಕಿಯಿಂದ ನೋಡಿದಾಗ, ಇಳಿಜಾರಿನಲ್ಲಿ ಒಂದು ಕೊಂಬೆ ಚಿಗುರಿತ್ತು.

"ಅವತ್ತಿಂದ ನೋಡ್ತಾ ಇದ್ದೀನಿ," ಎಂದಳು. "ಒಂದು ಸಲವೂ ಹತ್ರ ಹೋಗಿಲ್ಲ. ನರ್ಸರಿ ಇದ್ದಾಗ ಕೆಲಸದೋರ ಮುಂದೆ ಹೋಗೋಕೆ ಆಗಲಿಲ್ಲ, ಆಮೇಲೆ ಬೀಗ ಬಿತ್ತಲ್ಲ. ಇನ್ನು ಯಾರು ಬೇಕಾದ್ರೂ ಹೋಗಬಹುದಂತೆ. ಹಾಗಾದ್ರೆ ನಾನೂ ಹೋಗಬಹುದಲ್ಲ ಮಗಾ?"

"ಹೋಗಬಹುದು," ಎಂದೆ.

"ನಾಳೆ ಬೆಳಿಗ್ಗೆ ಕರ್ಕೊಂಡು ಹೋಗು. ಯಾರಿಗೂ ಹೇಳಬೇಡ. ಗೊತ್ತಾದ್ರೆ ಅಗೆದು ಬೇರೆ ಕಡೆ ಹಾಕಿ ಅಂತಾರೆ."

ಅಪ್ಪನನ್ನು ಹುಡುಕಿಕೊಂಡು ಹೋದೆ. ಅವರು ಆ ಜಾಗದ ಕೆಳತುದಿಯಲ್ಲಿ, ರಸ್ತೆಯ ಪಕ್ಕ ನಿಂತಿದ್ದರು. ಮರದ ಬಳಿ ಅಲ್ಲ. ಇನ್ನೂ ಬೆಳಕಿತ್ತು. ಮಳೆ ಬಂದಿರಲಿಲ್ಲ.

"ಅಮ್ಮ ಹೇಳಿದಳಾ?"

"ಹೇಳಿದಳು."

"ಅದು ಆ ಮರ ಅಲ್ಲ, ಪುಟ್ಟಿ."

ಅವರು ಚಪ್ಪಲಿಯ ತುದಿಯಿಂದ ಟಾರನ್ನು ಮುಟ್ಟಿದರು.

"ಇಲ್ಲಿ. ಆಗ ಇಲ್ಲಿ ರಸ್ತೆ ಪಕ್ಕ ಎತ್ತರದ ಮಣ್ಣಿನ ದರೆ ಇತ್ತು. ಊರಿದ ಕೊಂಬೆ ಒಂದೂ ಚಿಗುರಲಿಲ್ಲ. ಅವಳು ನೋಡ್ತಿರೋದು ಸಸಿಮಡಿಗೆ ನೆರಳು ಮಾಡೋಕೆ ಮೇಸ್ತ್ರಿ ನೆಟ್ಟಿದ್ದು. ಅದೇ ಅಂತ ಅಂದ್ಕೊಂಡಳು. ಅಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಮರ ಕಾಣುತ್ತೆ, ನೋಡಿಕೊಂಡಾದ್ರೂ ಇರಲಿ ಅಂದ್ಕೊಂಡೆ."

"ದರೆ ಏನಾಯ್ತು?"

"ನೀನು ಆಗ ಚಿಕ್ಕವಳು. ಬಡಾವಣೆಗೆ ರಸ್ತೆ ಅಗಲ ಮಾಡಿದ್ರು. ನಿನ್ನನ್ನೂ ಕರ್ಕೊಂಡು ಅವಳು ಗೋಣಿಬೀಡಿಗೆ ತವರಿನ ಮದುವೆಗೆ ಹೋಗಿದ್ಲು. ನಾನು ಜೆಸಿಬಿ ಪಕ್ಕ ಇಡೀ ದಿನ ನಿಂತಿದ್ದೆ. ಡ್ರೈವರ್ ಕೇಳ್ದ, ಏನ್ ಸಾರ್, ಚಿನ್ನ ಗಿನ್ನ ಹೂತಿದ್ರಾ ಅಂತ." ಅವರು ನಗುವ ಹಾಗೆ ತುಟಿ ಅಲುಗಿಸಿದರು. "ಏನೂ ಸಿಗಲಿಲ್ಲ. ಅಷ್ಟು ಸಣ್ಣದು. ಏನು ಸಿಗುತ್ತೆ?"

ನಾನು ಕಾಲೇಜಿಗೆ ಹೋಗುವುದು ಅದೇ ರಸ್ತೆಯಲ್ಲಿ. ಅಪ್ಪ ತೋರಿಸಿದ ಆ ತಿರುವಿನಲ್ಲಿ ಸ್ಕೂಟರ್ ಸ್ವಲ್ಪ ಜಾರುತ್ತದೆಂದು ಕಾಲು ಕೆಳಗೆ ಊರುವುದು ನನಗೆ ಅಭ್ಯಾಸ.

"ಈಗ ಏನು ಮಾಡೋದು?" ಎಂದು ಕೇಳಿದೆ.

"ಮರ ಕಡಿಯೋ ಹಾಗಿದ್ರೆ ನಾನೇ ಹೇಳ್ತೀನಿ, ಅದು ಅಲ್ಲ ಅಂತ. ಕಡಿಯದೇ ಇದ್ದರೆ..." ಅವರು ಮನೆಯ ಕಡೆ ತಿರುಗಿದರು. ನಾವು ಜೊತೆಯಲ್ಲೇ ಮನೆಗೆ ಬಂದೆವು. ಅಮ್ಮ ಕಿಟಕಿಯಲ್ಲಿ ನಿಂತಿದ್ದಳು. ನಾವು ದಾಟಿ ಬಂದ ಮೇಲೂ ಅವಳ ನೋಟ ಹೊರಗೇ ಇತ್ತು.

ಆ ರಾತ್ರಿ ಮಳೆ ಹುಯ್ಯಿತು. ಪಕ್ಕದ ಕೋಣೆಯಲ್ಲಿ ಅಮ್ಮ ಮಗ್ಗುಲು ಬದಲಿಸುವುದು ಕೇಳುತ್ತಿತ್ತು. ಯಾರು ನೆನೆಯುತ್ತಿದ್ದಾರೆ, ಎಲ್ಲಿ, ಎಂದು ಯೋಚಿಸುತ್ತ ಮಲಗಿದ್ದೆ. ಒಬ್ಬಳ ಕಣ್ಣಿನಿಂದ ಮಾತ್ರ ಅಲ್ಲಿಗೆ ಬಂದು ನೆಲೆಸಿದ ಮಗು, ಆ ಮರ ಹೋದರೆ ಎಲ್ಲಿಗೆ ಹೋಗಬೇಕು? ವಿಜ್ಞಾನ ಓದಿದವಳು ಕೇಳಿಕೊಳ್ಳುವ ಪ್ರಶ್ನೆಯಲ್ಲ. ಆದರೆ ಬೇರೆ ಪ್ರಶ್ನೆ ಹೊಳೆಯಲಿಲ್ಲ.

ಬೆಳಿಗ್ಗೆ ಎದ್ದು ಮೊದಲು ಎಂಜಿನಿಯರಿಗೆ ಫೋನ್ ಮಾಡಿದೆ. ಹಾಲುವಾಣದ ಭಾರದ ಕೊಂಬೆಗಳನ್ನು ಮಾತ್ರ ತೆಗೆಸಿ, ತೋಟಗಳಲ್ಲಿ ನೆರಳು ತಗ್ಗಿಸಲು ಮರಗಸಿ ಮಾಡಿಸುವ ಹಾಗೆ, ಎಂದೆ. ಬುಡಕ್ಕೆ ಬೇಲಿ ಹಾಕಿಸಿ, ಮಕ್ಕಳು ಹತ್ತಿರ ಹೋಗುವುದು ಬೇಡ. ಬೇರು ಕಿತ್ತರೆ ಆ ಇಳಿಜಾರಿನ ಮಣ್ಣು ನಿಲ್ಲುವುದಿಲ್ಲ. ಇದರಲ್ಲಿ ಯಾವುದೂ ಸುಳ್ಳಲ್ಲ. ಅವರು ಆಗಲಿ ಮೇಡಂ ಎಂದರು.

ಆಮೇಲೆ ಅಮ್ಮನನ್ನು ಕರೆದುಕೊಂಡು ಹೋದೆ. ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಒದ್ದೆ ಹುಲ್ಲಿನಲ್ಲಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಅಪ್ಪ ಗೇಟಿನಲ್ಲೇ ನಿಂತರು.

ಹತ್ತಿರ ಬಂದಂತೆ ಮರ ದೊಡ್ಡದಾಯಿತು. ಇಷ್ಟು ಎತ್ತರ ಎಂದು ಗೊತ್ತಿರಲಿಲ್ಲ ಎಂದಳು ಅಮ್ಮ. ಬುಡವನ್ನು ಒಂದು ಸುತ್ತು ಬಂದು, ಕೆಳಗಿನ ಮಣ್ಣನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾವ ಕಡೆ ಇರಬಹುದು? ನಿಮ್ಮಪ್ಪ ಹೇಳಿದ್ರಾ?"

ನಾನು ಪೊಟರೆ ಇಲ್ಲದ ಬದಿಗೆ, ಹುಲ್ಲು ಮೆತ್ತಗಿದ್ದ ಕಡೆಗೆ ಕೈ ತೋರಿಸಿದೆ.

"ಇಲ್ಲಿ ಅಮ್ಮಾ," ಎಂದೆ.